ಮನೆಯ ಕೊಳಾಯಿ ದುರಸ್ತಿ

ಮನೆಯ ಕೊಳಾಯಿ ದುರಸ್ತಿ ಎಂದರೆ ವಾಸದ ಕಟ್ಟಡದಲ್ಲಿ ನೀರನ್ನು ತರುವ, ಸಂಗ್ರಹಿಸುವ, ಬಿಸಿಮಾಡುವ ಹಾಗೂ ಬಳಸಿದ ನೀರನ್ನು ಹೊರಗೆ ಸಾಗಿಸುವ ಕೊಳವೆ, ನಲ್ಲಿ, ವಾಲ್ವ್, ತೊಟ್ಟಿ ಮೊದಲಾದವುಗಳಲ್ಲಿ ಉಂಟಾಗುವ ದೋಷಗಳನ್ನು ಸರಿಪಡಿಸುವ ಕೆಲಸ. ಇದರಲ್ಲಿ ಕೆಲವು ಕೆಲಸಗಳನ್ನು ಮನೆಯವರೇ ಮಾಡಿಕೊಳ್ಳುತ್ತಾರೆ. ಉಳಿದವುಗಳಿಗೆ ಪ್ಲಂಬರ್‌ನ ನೆರವು ಬೇಕಾಗುತ್ತದೆ. ಯಾವ ಕೆಲಸವನ್ನು ಸ್ವತಃ ಮಾಡಬಹುದು ಎಂಬುದು ಆ ಕೆಲಸ ಎಷ್ಟು ಕಷ್ಟ ಎಂಬುದಕ್ಕಿಂತ ಹೆಚ್ಚಾಗಿ, ಅದು ತಪ್ಪಿದರೆ ಆಗುವ ಹಾನಿ ಎಷ್ಟು ಎಂಬುದನ್ನು ಅವಲಂಬಿಸಿರುತ್ತದೆ. ನಲ್ಲಿಯ ವಾಷರ್ ಸರಿಯಾಗಿ ಕೂರದಿದ್ದರೆ ನೀರು ತೊಟ್ಟಿಕ್ಕುತ್ತದೆ, ಅಷ್ಟೆ. ಗೀಸರ್‌ನ ಸುರಕ್ಷತಾ ವಾಲ್ವ್ ಅಥವಾ ಶೌಚಗುಂಡಿಯ ವಿಷಯದಲ್ಲಿ ತಪ್ಪಾದರೆ ಪ್ರಾಣಹಾನಿಯಾಗಬಹುದು. ಈ ಲೇಖನವು ಮುಖ್ಯವಾಗಿ ಕರ್ನಾಟಕದ ನಗರ ಹಾಗೂ ಪಟ್ಟಣಗಳ ಮನೆಗಳಲ್ಲಿರುವ ವ್ಯವಸ್ಥೆಯನ್ನು ಕುರಿತದ್ದಾಗಿದೆ.

## ಹೆಸರು ಮತ್ತು ಹಿನ್ನೆಲೆ

'ಪ್ಲಂಬರ್' ಎಂಬ ಇಂಗ್ಲಿಷ್ ಪದದ ಮೂಲ ಸೀಸ ಎಂಬ ಅರ್ಥದ ಲ್ಯಾಟಿನ್ ಪದ 'ಪ್ಲಂಬಮ್'. ಪ್ರಾಚೀನ ರೋಮನ್ನರು ನೀರು ಸಾಗಿಸಲು ಸೀಸದ ಕೊಳವೆಗಳನ್ನು ಬಳಸುತ್ತಿದ್ದುದರಿಂದ ಈ ಹೆಸರು ಬಂದಿದೆ. ನೀರು ಬಿಡುವ ಸಾಧನಕ್ಕೆ ಕನ್ನಡದಲ್ಲಿ 'ನಲ್ಲಿ', 'ಕೊಳಾಯಿ' ಎಂಬ ಪದಗಳಿದ್ದು, ಉತ್ತರ ಕರ್ನಾಟಕದಲ್ಲಿ 'ನಳ' ಎಂಬುದು ರೂಢಿಯಲ್ಲಿದೆ.

ಕೊಳವೆ ನೀರು ಬರುವ ಮೊದಲು ಬಾವಿ, ಕೆರೆ ಮತ್ತು ಕಲ್ಯಾಣಿಗಳು ನೀರಿನ ಆಕರಗಳಾಗಿದ್ದವು. ಬಚ್ಚಲುಮನೆಯ ಹಂಡೆಯಲ್ಲಿ ನೀರು ಕಾಯುತ್ತಿತ್ತು, ಬಳಸಿದ ನೀರು ಹಿತ್ತಲಿನ ಗಿಡಗಳಿಗೆ ಹರಿಯುತ್ತಿತ್ತು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟ ಕೆರೆಯಿಂದ ಕೊಳವೆಯ ಮೂಲಕ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ನೀರೂ, 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತದ ನೀರೂ ಸೇರಿಕೊಂಡವು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು 1964ರಲ್ಲಿ ಸ್ಥಾಪನೆಯಾಯಿತು. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ನಗರಕ್ಕೆ ತರಲಾಗುತ್ತದೆ. ಹೀಗಾಗಿ ಮನೆಯೊಳಗೆ ಸೋರುವ ನೀರಿನೊಂದಿಗೆ ಅದನ್ನು ತರಲು ತಗಲಿದ ವಿದ್ಯುತ್ತೂ ವ್ಯರ್ಥವಾಗುತ್ತದೆ.

## ವ್ಯವಸ್ಥೆಯ ಸ್ವರೂಪ

### ಸರಬರಾಜು ಭಾಗ

ಕರ್ನಾಟಕದ ಬಹುತೇಕ ಊರುಗಳಲ್ಲಿ ನಲ್ಲಿ ನೀರು ದಿನವಿಡೀ ಬರುವುದಿಲ್ಲ. ಆದ್ದರಿಂದ ಬೀದಿಯ ಕೊಳವೆಯಿಂದ ಮೀಟರ್ ದಾಟಿ ಬಂದ ನೀರು ನೆಲಮಟ್ಟದ ಸಂಪಿನಲ್ಲಿ ಸಂಗ್ರಹವಾಗುತ್ತದೆ. ಅಲ್ಲಿಂದ ಮೋಟಾರ್ ಅದನ್ನು ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕಿನಿಂದ ಗುರುತ್ವಾಕರ್ಷಣೆಯಿಂದಲೇ ನೀರು ಇಳಿದು ಅಡುಗೆಮನೆ, ಬಚ್ಚಲು, ಶೌಚಾಲಯಗಳಿಗೆ ಹರಿಯುತ್ತದೆ. ನೀರಿನ ಎತ್ತರ 10 ಮೀಟರ್ ಇದ್ದರೆ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಇರುತ್ತದೆ. ಟ್ಯಾಂಕಿಗಿಂತ 3 ಮೀಟರ್ ಕೆಳಗಿರುವ ನಲ್ಲಿಯಲ್ಲಿ ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಒತ್ತಡವಿರುತ್ತದೆ. ಮೇಲಿನ ಮಹಡಿಯ ಷವರ್‌ನಲ್ಲಿ ನೀರು ಸಣ್ಣಗೆ ಬರುವುದಕ್ಕೆ ಅನೇಕ ವೇಳೆ ಇದೇ ಕಾರಣವಾಗಿರುತ್ತದೆ. ಅದು ದುರಸ್ತಿಯಿಂದ ಸರಿಹೋಗುವ ದೋಷವಲ್ಲ.

### ವಿಸರ್ಜನಾ ಭಾಗ

ಬಳಸಿದ ನೀರು ಒತ್ತಡದಿಂದಲ್ಲದೆ ಇಳಿಜಾರಿನಿಂದ ಹರಿಯುತ್ತದೆ. ಸಿಂಕ್ ಹಾಗೂ ವಾಷ್ ಬೇಸಿನ್ ಕೆಳಗಿನ ಬಾಗಿದ ಕೊಳವೆ ಅಥವಾ ಬಾಟಲ್ ಟ್ರ್ಯಾಪ್, ಬಚ್ಚಲಿನ ನೆಲದಲ್ಲಿರುವ ನಹಾನಿ ಟ್ರ್ಯಾಪ್ ಇವುಗಳಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಈ ನೀರೇ ಚರಂಡಿಯ ಅನಿಲಗಳು ಮನೆಯೊಳಗೆ ಬಾರದಂತೆ ತಡೆಯುವ ಮುಚ್ಚಳ. ಬಹುಕಾಲ ಬಳಸದ ಬಚ್ಚಲಿನಲ್ಲಿ ಈ ನೀರು ಆವಿಯಾಗಿ ದುರ್ವಾಸನೆ ಬರುತ್ತದೆ. ಎರಡು ಚೊಂಬು ನೀರು ಸುರಿದರೆ ಅದು ನಿಲ್ಲುತ್ತದೆ.

### ಕೊಳವೆಗಳ ವಿಧಗಳು

ಹಳೆಯ ಮನೆಗಳಲ್ಲಿ ಸತು ಲೇಪಿತ ಕಬ್ಬಿಣದ, ಅಂದರೆ ಜಿ.ಐ. ಕೊಳವೆಗಳಿವೆ. ಇವುಗಳನ್ನು ಜೋಡಿಸಲು ತುದಿಯಲ್ಲಿ ತಿರುಪು ಕೊರೆಯಬೇಕು. ಅದಕ್ಕೆ ಡೈ ಮತ್ತು ಪೈಪ್ ರೆಂಚ್‌ಗಳಂಥ ಉಪಕರಣಗಳೂ ತೋಳ್ಬಲವೂ ಬೇಕು. ನಂತರದ ಮನೆಗಳಲ್ಲಿ ತಣ್ಣೀರಿಗೆ ಯು.ಪಿ.ವಿ.ಸಿ. ಮತ್ತು ಬಿಸಿನೀರಿಗೆ ಸಿ.ಪಿ.ವಿ.ಸಿ. ಕೊಳವೆಗಳು ಬಂದವು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 1239, ಐ.ಎಸ್. 4985 ಮತ್ತು ಐ.ಎಸ್. 15778 ಕ್ರಮವಾಗಿ ಉಕ್ಕಿನ, ಯು.ಪಿ.ವಿ.ಸಿ. ಮತ್ತು ಸಿ.ಪಿ.ವಿ.ಸಿ. ಕೊಳವೆಗಳ ಮಾನಕಗಳು.

ಪ್ಲಾಸ್ಟಿಕ್ ಕೊಳವೆಗಳನ್ನು ಗರಗಸದಿಂದ ಕತ್ತರಿಸಿ ಸಾಲ್ವೆಂಟ್ ಸಿಮೆಂಟ್ ಹಚ್ಚಿ ಕೂಡಿಸಬಹುದಾದ್ದರಿಂದ ಸ್ವಂತ ದುರಸ್ತಿ ಸುಲಭವಾದಂತೆ ತೋರುತ್ತದೆ. ಆದರೆ ತಿರುಪಿನ ಜೋಡಣೆಯನ್ನು ಬಿಚ್ಚಿ ಮತ್ತೆ ಕೂಡಿಸಬಹುದು, ಅಂಟಿಸಿದ ಜೋಡಣೆಯನ್ನು ಬಿಚ್ಚಲಾಗದು. ತಪ್ಪಾದರೆ ಆ ಭಾಗವನ್ನೇ ಕತ್ತರಿಸಿ ಹೊಸದನ್ನು ಹಾಕಬೇಕಾಗುತ್ತದೆ. ಅಲ್ಲದೆ ಎರಡು ಬಗೆಯ ಕೊಳವೆಗಳಿಗೆ ಬೇರೆಬೇರೆ ಸಿಮೆಂಟ್ ಇದ್ದು, ಒಂದರದನ್ನು ಇನ್ನೊಂದಕ್ಕೆ ಬಳಸಿದರೆ ಜೋಡಣೆ ಬಿಗಿಯಾಗಿ ನಿಲ್ಲುವುದಿಲ್ಲ.

## ನಿರ್ಧಾರದ ಆಧಾರಗಳು

ದುರಸ್ತಿಯನ್ನು ಸ್ವತಃ ಮಾಡಬಹುದೇ ಎಂಬುದನ್ನು ಸಾಮಾನ್ಯವಾಗಿ ನಾಲ್ಕು ಪ್ರಶ್ನೆಗಳಿಂದ ತಿಳಿಯಬಹುದು.

* ನೀರನ್ನು ನಿಲ್ಲಿಸಲು ಸಾಧ್ಯವೇ? ಕೆಲಸ ನಡೆಯುವ ಜಾಗಕ್ಕೆ ಹೋಗುವ ನೀರನ್ನು ಆ್ಯಂಗಲ್ ಕಾಕ್‌ನಿಂದಲೋ ಟ್ಯಾಂಕಿನ ವಾಲ್ವ್‌ನಿಂದಲೋ ಪೂರ್ಣವಾಗಿ ನಿಲ್ಲಿಸುವಂತಿರಬೇಕು. ಬಹುವರ್ಷ ತಿರುಗಿಸದ ಗೇಟ್ ವಾಲ್ವ್ ಬಿಗಿದು ಹಿಡಿದಿರುತ್ತದೆ. ಬಲವಂತದಿಂದ ತಿರುಗಿಸಿದರೆ ಮುರಿಯುವುದುಂಟು.
* ಜೋಡಣೆ ಕಣ್ಣಿಗೆ ಕಾಣುತ್ತದೆಯೇ? ಹೊರಗೆ ಕಾಣುವ ಜೋಡಣೆ ಸೋರಿದರೆ ಕೂಡಲೇ ತಿಳಿಯುತ್ತದೆ. ಗೋಡೆ ಅಥವಾ ನೆಲದೊಳಗಿನ ಸೋರಿಕೆ ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯಬಹುದು.
* ಮಾಡಿದ್ದನ್ನು ಹಿಂದಕ್ಕೆ ತೆಗೆಯಬಹುದೇ? ತಿರುಪು ಬಿಚ್ಚುವುದು, ವಾಷರ್ ಬದಲಿಸುವುದು ಮರಳಿ ಸರಿಪಡಿಸಬಹುದಾದ ಕೆಲಸಗಳು. ಗೋಡೆ ಕೊರೆಯುವುದು, ಕೊಳವೆ ಕತ್ತರಿಸುವುದು ಹಾಗಲ್ಲ.
* ತಪ್ಪಾದರೆ ಹಾನಿ ಯಾರಿಗೆ? ಹಾನಿ ಕೆಲಸ ಮಾಡಿದವರ ಬಚ್ಚಲಿಗೆ ಸೀಮಿತವಾಗಿದ್ದರೆ ಅದು ಬೇರೆ ಮಾತು. ವಿದ್ಯುತ್, ಅನಿಲ, ಕುಡಿಯುವ ನೀರಿನ ಶುದ್ಧತೆ ಅಥವಾ ಕೆಳಗಿನ ಮನೆಯವರ ಛಾವಣಿ ಇದರಲ್ಲಿ ಸೇರಿದ್ದರೆ ಕುಶಲಕರ್ಮಿಯನ್ನು ಕರೆಯುವುದೇ ಸರಿಯಾದ ಕ್ರಮ.

ಮೊದಲ ಮೂರು ಪ್ರಶ್ನೆಗಳಿಗೆ 'ಹೌದು' ಎಂಬ ಉತ್ತರವಿದ್ದು, ನಾಲ್ಕನೆಯದರಲ್ಲಿ ಹಾನಿ ಚಿಕ್ಕದಾಗಿದ್ದರೆ ಸ್ವಂತ ದುರಸ್ತಿ ಸೂಕ್ತವಾಗಿರುತ್ತದೆ.

## ಸ್ವತಃ ಮಾಡಬಹುದಾದ ಕೆಲಸಗಳು

### ಸೋರಿಕೆಯ ಪತ್ತೆ

ಮನೆಯ ಎಲ್ಲ ನಲ್ಲಿಗಳನ್ನೂ ಸಂಪಿಗೆ ಹೋಗುವ ವಾಲ್ವನ್ನೂ ಮುಚ್ಚಿ, ನೀರು ಬರುವ ಹೊತ್ತಿನಲ್ಲಿ ಮೀಟರಿನ ಅಂಕಿಯನ್ನು ಗುರುತಿಸಿಕೊಂಡು ಸ್ವಲ್ಪ ಸಮಯದ ನಂತರ ಮತ್ತೆ ನೋಡಿದಾಗ ಅಂಕಿ ಮುಂದೆ ಹೋಗಿದ್ದರೆ ಮೀಟರ್ ಹಾಗೂ ವಾಲ್ವ್ ನಡುವೆ ಸೋರಿಕೆಯಿದೆ ಎಂದರ್ಥ. ಮಾಳಿಗೆಯ ಟ್ಯಾಂಕಿನ ನೀರಿನ ಮಟ್ಟವನ್ನು ರಾತ್ರಿ ಗುರುತುಹಾಕಿ ಬೆಳಿಗ್ಗೆ ನೋಡುವುದರಿಂದ ಮನೆಯೊಳಗಿನ ಸೋರಿಕೆ ತಿಳಿಯುತ್ತದೆ. ಫ್ಲಷ್ ಟ್ಯಾಂಕಿನ ಸೋರಿಕೆ ಸದ್ದಿಲ್ಲದೆ ನಡೆಯುವುದರಿಂದ ಅದರ ನೀರಿಗೆ ಆಹಾರದ ಬಣ್ಣ ಬೆರೆಸಿ, ಅರ್ಧ ಗಂಟೆ ಫ್ಲಷ್ ಮಾಡದೆ ಬಿಡಲಾಗುತ್ತದೆ. ಬಣ್ಣವು ಕಮೋಡಿನಲ್ಲಿ ಕಂಡರೆ ಒಳಗಿನ ರಬ್ಬರ್ ಸೀಲ್ ಸವೆದಿದೆ ಎಂದು ತಿಳಿಯಬಹುದು.

### ತೊಟ್ಟಿಕ್ಕುವ ನಲ್ಲಿ

ಹಳೆಯ ಮಾದರಿಯ ನಲ್ಲಿಯಲ್ಲಿ ಸ್ಪಿಂಡಲ್ ಕೆಳಗಿನ ರಬ್ಬರ್ ವಾಷರ್ ಸವೆದಾಗ ನೀರು ತೊಟ್ಟಿಕ್ಕುತ್ತದೆ. ಕಾಲು ಸುತ್ತಿನಲ್ಲಿ ತೆರೆಯುವ ಹೊಸ ಮಾದರಿಯ ನಲ್ಲಿಗಳಲ್ಲಿ ವಾಷರ್ ಬದಲು ಸೆರಾಮಿಕ್ ತಟ್ಟೆಗಳ ಕಾರ್ಟ್ರಿಜ್ ಇದ್ದು, ಕೆಟ್ಟಾಗ ಅದನ್ನು ಇಡಿಯಾಗಿ ಬದಲಿಸಲಾಗುತ್ತದೆ. ಅಳತೆಯಲ್ಲಿ ತಪ್ಪಾಗದಂತೆ ಹಳೆಯ ಭಾಗವನ್ನೇ ಹಾರ್ಡ್‌ವೇರ್ ಅಂಗಡಿಗೆ ಕೊಂಡೊಯ್ದು ಹೋಲಿಸಿ ತರುವುದು ರೂಢಿ.

ನಲ್ಲಿಯನ್ನೇ ಬದಲಿಸುವಾಗ ಅದರ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಲಾಗುತ್ತದೆ. ತಿರುಪಿನ ತುದಿ ನೋಡುವವರ ಕಡೆಗಿದ್ದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೇಪ್ ಸುತ್ತಬೇಕು. ಎದುರು ದಿಕ್ಕಿನಲ್ಲಿ ಸುತ್ತಿದರೆ ನಲ್ಲಿ ಕೂಡಿಸುವಾಗ ಅದು ಬಿಚ್ಚಿಕೊಳ್ಳುತ್ತದೆ. ಅತಿಯಾಗಿ ಬಿಗಿಮಾಡಿದರೆ ಗೋಡೆಯೊಳಗಿನ ಪ್ಲಾಸ್ಟಿಕ್ ಎಲ್ಬೋ ಬಿರುಕುಬಿಡುತ್ತದೆ. ಸ್ವಂತ ದುರಸ್ತಿಯಲ್ಲಿ ಹೆಚ್ಚಾಗಿ ನಡೆಯುವ ತಪ್ಪುಗಳಲ್ಲಿ ಇದೂ ಒಂದು.

ತೊಟ್ಟಿಕ್ಕುವ ನೀರು ಅಲ್ಪವೆಂದು ತೋರಿದರೂ ಮೊತ್ತ ದೊಡ್ಡದು. ಒಂದು ಹನಿ ಕಾಲು ಮಿಲಿಲೀಟರ್ ಎಂದು ಹಿಡಿದರೆ, ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 21.6 ಲೀಟರ್ ನೀರು ಹೋಗುತ್ತದೆ. ನಗರಗಳ ನೀರಿನ ಯೋಜನೆಯಲ್ಲಿ ಒಬ್ಬ ವ್ಯಕ್ತಿಗೆ ದಿನಕ್ಕೆ ಲೆಕ್ಕ ಹಿಡಿಯುವ 135 ಲೀಟರಿನಲ್ಲಿ ಇದು ಸರಿಸುಮಾರು ಆರನೆಯ ಒಂದು ಪಾಲು.

### ಗಡಸು ನೀರಿನ ಪೊರೆ

ಕೊಳವೆಬಾವಿಯ ನೀರು ಅನೇಕ ಕಡೆ ಗಡಸಾಗಿರುತ್ತದೆ. ಕುಡಿಯುವ ನೀರಿನ ಐ.ಎಸ್. 10500 ಮಾನಕದ ಪ್ರಕಾರ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಆಕರವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಅನುಮತಿಯಿದೆ. ಗಡಸು ನೀರಿನ ಸುಣ್ಣದಂಶ ಷವರ್‌ನ ರಂಧ್ರಗಳಲ್ಲಿಯೂ ನಲ್ಲಿ ಬಾಯಿಯ ಏರಿಯೇಟರ್‌ನಲ್ಲಿಯೂ ಬಿಳಿ ಪೊರೆಯಾಗಿ ಕೂಡುತ್ತದೆ. ಅವನ್ನು ಬಿಚ್ಚಿ ವಿನೆಗರ್ ಅಥವಾ ನಿಂಬೆಹುಳಿಯಲ್ಲಿ ನೆನೆಸಿಟ್ಟು ಉಜ್ಜಿದರೆ ಪೊರೆ ಬಿಡುತ್ತದೆ. 2024ರ ನೀರಿನ ಅಭಾವದ ಸಮಯದಲ್ಲಿ ಬೆಂಗಳೂರು ಜಲಮಂಡಳಿಯು ವಾಣಿಜ್ಯ ಸಂಸ್ಥೆಗಳು, ಹೋಟೆಲುಗಳು ಮುಂತಾದೆಡೆ ಏರಿಯೇಟರ್ ಅಳವಡಿಕೆಯನ್ನು ಕಡ್ಡಾಯಗೊಳಿಸಿತು. ತಿರುಪಿ ಹಾಕುವ ಈ ಸಾಧನವನ್ನು ಮನೆಗಳಲ್ಲಿಯೂ ಪ್ಲಂಬರ್ ಇಲ್ಲದೆ ಅಳವಡಿಸಬಹುದು.

### ಕಟ್ಟಿದ ಸಿಂಕ್

ಅಡುಗೆಮನೆಯ ಸಿಂಕ್ ಕಟ್ಟುವುದಕ್ಕೆ ಎಣ್ಣೆಜಿಡ್ಡು, ಅನ್ನದ ಅಗುಳು, ಚಹಾಪುಡಿಗಳೂ ಬಚ್ಚಲು ಕಟ್ಟುವುದಕ್ಕೆ ಕೂದಲೂ ಸಾಮಾನ್ಯ ಕಾರಣಗಳು. ಬಾಟಲ್ ಟ್ರ್ಯಾಪಿನ ಕೆಳಗೆ ಬಕೆಟ್ ಇಟ್ಟು ಅದನ್ನು ಕೈಯಿಂದ ಬಿಚ್ಚಿ ತೊಳೆಯುವುದು, ರಬ್ಬರ್ ಪ್ಲಂಜರ್‌ನಿಂದ ಒತ್ತುವುದು ಸುರಕ್ಷಿತ ವಿಧಾನಗಳು. ಮಾರುಕಟ್ಟೆಯ ಚರಂಡಿ ಶುದ್ಧೀಕರಣ ಪುಡಿಗಳಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ. ಅದು ನೀರಿನೊಡನೆ ಸೇರಿದಾಗ ತೀವ್ರವಾಗಿ ಬಿಸಿಯಾಗಿ ಚರ್ಮ ಮತ್ತು ಕಣ್ಣನ್ನು ಸುಡುತ್ತದೆ. ಶೌಚಾಲಯ ತೊಳೆಯುವ ಆಮ್ಲವನ್ನು ಬ್ಲೀಚಿಂಗ್ ಪುಡಿಯೊಂದಿಗೆ ಎಂದೂ ಬೆರೆಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲವು ಮುಚ್ಚಿದ ಬಚ್ಚಲಿನಲ್ಲಿ ಮಾರಕವಾಗಬಲ್ಲದು. ಒಂದೇ ಸಮಯಕ್ಕೆ ಮನೆಯ ಹಲವು ಕಡೆ ನೀರು ಕಟ್ಟಿಕೊಂಡರೆ ದೋಷವು ಸಿಂಕ್‌ನಲ್ಲಿರದೆ ಹೊರಗಿನ ಮುಖ್ಯ ಕೊಳವೆಯಲ್ಲಿರುತ್ತದೆ. ಅದು ಸ್ವಂತ ದುರಸ್ತಿಗೆ ನಿಲುಕುವುದಿಲ್ಲ.

## ಪ್ಲಂಬರ್‌ನ ನೆರವು ಬೇಕಾದ ಕೆಲಸಗಳು

### ಗೋಡೆ ಮತ್ತು ನೆಲದೊಳಗಿನ ಕೊಳವೆ

ಗೋಡೆಯಲ್ಲಿ ತೇವ, ಬಣ್ಣ ಉಬ್ಬುವುದು, ಟೈಲ್ಸ್ ಸಂದುಗಳು ಕಪ್ಪಾಗುವುದು ಒಳಗಿನ ಸೋರಿಕೆಯ ಲಕ್ಷಣಗಳು. ತೇವ ಕಾಣುವ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ನೀರು ಇಳಿಜಾರು ಹಿಡಿದು ಬಹುದೂರ ಹರಿದು ಹೊರಬರುತ್ತದೆ. ಆದ್ದರಿಂದ ಅಂದಾಜಿನ ಮೇಲೆ ಗೋಡೆ ಒಡೆಯುವ ಮೊದಲು ಪ್ರತಿ ಕೊಳವೆಯನ್ನೂ ಒತ್ತಡ ಪರೀಕ್ಷೆಗೆ ಒಳಪಡಿಸಲಾಗುತ್ತದೆ. ಗೋಡೆಯೊಳಗೆ ವಿದ್ಯುತ್ ತಂತಿಗಳೂ ಇರಬಹುದಾದ್ದರಿಂದ ಕೊರೆಯುವ ಕೆಲಸದಲ್ಲಿ ಎಚ್ಚರ ಅಗತ್ಯ.

### ಗೀಸರ್ ಮತ್ತು ಸೌರ ಜಲತಾಪಕ

ನೀರು ಸಂಗ್ರಹಿಸಿ ಕಾಯಿಸುವ ಗೀಸರ್‌ಗಳಿಗೆ ಐ.ಎಸ್. 2082 ಮಾನಕ ಅನ್ವಯಿಸುತ್ತದೆ. 3 ಕಿಲೋವಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ವಿದ್ಯುತ್ ಎಳೆಯುವುದರಿಂದ ಅದಕ್ಕೆ ಭೂಸಂಪರ್ಕವಿರುವ 16 ಆಂಪಿಯರ್ ಸಾಕೆಟ್ ಬೇಕು. ವಿದ್ಯುತ್ ಸೋರಿಕೆಯನ್ನು ಗ್ರಹಿಸಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದ್ದರೆ ಆಘಾತದಿಂದ ರಕ್ಷಣೆ ಸಿಗುತ್ತದೆ.

ಗೀಸರ್‌ನ ಸುರಕ್ಷತಾ ವಾಲ್ವ್‌ನಿಂದ ನೀರು ಹನಿಯುವುದನ್ನು ಕಂಡು ಅದರ ಬಾಯಿಯನ್ನು ಮುಚ್ಚುವುದು ಅಪಾಯಕಾರಿ. ಒಳಗಿನ ಒತ್ತಡ ಹೆಚ್ಚಿದಾಗ ಹೊರಬಿಡುವುದೇ ಅದರ ಕೆಲಸ. ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯುತ್ತಿರುವಾಗ ಆ ದಾರಿಯೂ ಮುಚ್ಚಿದ್ದರೆ ಟ್ಯಾಂಕ್ ಸಿಡಿಯುತ್ತದೆ. ಮಾಳಿಗೆಯ ಸೌರ ಜಲತಾಪಕಕ್ಕೆ ಮೇಲ್ಮುಖವಾಗಿ ಜೋಡಿಸಿರುವ ಗಾಳಿ ಕೊಳವೆಯನ್ನೂ ಇದೇ ಕಾರಣಕ್ಕೆ ಮುಚ್ಚಬಾರದು. ಬಿಸಿನೀರಿನ ಮಾರ್ಗದಲ್ಲಿ ತಣ್ಣೀರಿನ ಯು.ಪಿ.ವಿ.ಸಿ. ಕೊಳವೆಯ ತುಂಡನ್ನು ಸೇರಿಸಿದರೆ ಅದು ಮೆದುವಾಗಿ ಬಾಗುತ್ತದೆ.

### ಬೀದಿ ಕೊಳವೆಯ ಸಂಪರ್ಕ

ಮೀಟರ್ ಹಾಗೂ ಅದಕ್ಕಿಂತ ಹಿಂದಿನ ಸಂಪರ್ಕದಲ್ಲಿ ಮನೆಯವರು ಕೈಹಾಕುವಂತಿಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಗೂ ಇತರ ಊರುಗಳಲ್ಲಿ ಸ್ಥಳೀಯ ಸಂಸ್ಥೆಗೂ ದೂರು ನೀಡಬೇಕು. ಜಲಮಂಡಳಿಯ ಸಹಾಯವಾಣಿ 1916. ಬೀದಿ ಕೊಳವೆಯಿಂದ ಬರುವ ಮಾರ್ಗಕ್ಕೆ ನೇರವಾಗಿ ಮೋಟಾರ್ ಜೋಡಿಸುವುದು ನಿಷಿದ್ಧ. ಇದರಿಂದ ನೆರೆಯವರಿಗೆ ನೀರು ತಪ್ಪುವುದಷ್ಟೇ ಅಲ್ಲ, ಕೊಳವೆಯಲ್ಲಿ ಉಂಟಾಗುವ ಹೀರುವಿಕೆಯು ಬಿರುಕುಗಳ ಮೂಲಕ ಸುತ್ತಲಿನ ಚರಂಡಿ ನೀರನ್ನೂ ಒಳಗೆಳೆಯುತ್ತದೆ. ಹೀಗೆ ಒಂದು ಮನೆಯವರ ಜೋಡಣೆಯಿಂದ ಇಡೀ ಬೀದಿಯ ಕುಡಿಯುವ ನೀರು ಕಲುಷಿತವಾಗಬಹುದು.

### ಬಹುಮಹಡಿ ವಸತಿ ಸಮುಚ್ಚಯಗಳು

ಅಪಾರ್ಟ್‌ಮೆಂಟುಗಳಲ್ಲಿ ಒಂದು ಮನೆಯ ಬಚ್ಚಲಿನ ನೆಲ ಕೆಳಗಿನ ಮನೆಯ ಛಾವಣಿಯಾಗಿರುತ್ತದೆ. ಡಕ್ಟ್‌ನಲ್ಲಿ ಇಳಿಯುವ ಮುಖ್ಯ ಕೊಳವೆಗಳು ಎಲ್ಲರಿಗೂ ಸೇರಿದ ಸಾಮಾನ್ಯ ಸೌಲಭ್ಯಗಳಾದ್ದರಿಂದ ನಿವಾಸಿಗಳ ಸಂಘದ ಒಪ್ಪಿಗೆಯಿಲ್ಲದೆ ಅವನ್ನು ಬದಲಿಸುವಂತಿಲ್ಲ. ಬಾಡಿಗೆ ಮನೆಗಳಲ್ಲಿ ಗೋಡೆ ಕೊರೆಯುವ ದುರಸ್ತಿಗೆ ಮುನ್ನ ಮಾಲೀಕರ ಅನುಮತಿ ಪಡೆಯುವುದು ರೂಢಿ.

## ಶೌಚಗುಂಡಿಯ ಅಪಾಯ

ಸೆಪ್ಟಿಕ್ ಟ್ಯಾಂಕ್, ಶೌಚಗುಂಡಿ ಮತ್ತು ಒಳಚರಂಡಿಯ ಮ್ಯಾನ್‌ಹೋಲ್‌ಗಳಿಗೆ ಮನೆಯವರಾಗಲಿ ಪ್ಲಂಬರ್ ಆಗಲಿ ಇಳಿಯಬಾರದು. ಅಲ್ಲಿ ಆಮ್ಲಜನಕ ಕಡಿಮೆಯಿದ್ದು ಹೈಡ್ರೋಜನ್ ಸಲ್ಫೈಡ್, ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲಗಳು ತುಂಬಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಕಡಿಮೆ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ; ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುವುದರಿಂದ ಅಪಾಯ ತಿಳಿಯುವುದಿಲ್ಲ. ಒಳಗೆ ಬಿದ್ದವರನ್ನು ಎತ್ತಲು ಇಳಿದವರೂ ಸಾಯುವ ಘಟನೆಗಳು ಮರುಕಳಿಸುತ್ತಲೇ ಇವೆ. ಇಂಥ ಸಂದರ್ಭದಲ್ಲಿ ಒಳಗಿಳಿಯದೆ ಅಗ್ನಿಶಾಮಕ ದಳವನ್ನು ಕರೆಯಬೇಕು.

2013ರ ಮ್ಯಾನ್ಯುವಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಕಾಯಿದೆಯು ರಕ್ಷಣಾ ಸಾಧನಗಳಿಲ್ಲದೆ ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕ್‌ಗೆ ಕಾರ್ಮಿಕರನ್ನು ಇಳಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಈ ನಿಷೇಧ ಮನೆಯ ಮಾಲೀಕರಿಗೂ ಅನ್ವಯಿಸುತ್ತದೆ. ಚರಂಡಿ ಸಾವುಗಳಿಗೆ ನೀಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗಳಿಗೆ ಏರಿಸಿತು. ಗುಂಡಿಯನ್ನು ಬರಿದುಮಾಡಲು ಹೀರುವ ಯಂತ್ರವಿರುವ ವಾಹನವನ್ನು ಕರೆಸುವುದೇ ಸರಿಯಾದ ಮಾರ್ಗ.

## ಸಾರಾಂಶ ಕೋಷ್ಟಕ

| ಕೆಲಸ | ಮಾಡಬೇಕಾದವರು | ಕಾರಣ |
|---|---|---|
| ವಾಷರ್, ಏರಿಯೇಟರ್, ಷವರ್ ಬದಲಾವಣೆ | ಮನೆಯವರು | ಕಣ್ಣಿಗೆ ಕಾಣುವ, ಬಿಚ್ಚಬಹುದಾದ ಜೋಡಣೆ |
| ಸಿಂಕ್ ಟ್ರ್ಯಾಪ್ ಶುಚಿ, ಫ್ಲಷ್ ಟ್ಯಾಂಕಿನ ಸೀಲ್ | ಮನೆಯವರು | ಹಾನಿ ಅಲ್ಪ |
| ನಲ್ಲಿ, ಆ್ಯಂಗಲ್ ಕಾಕ್ ಬದಲಾವಣೆ | ಅನುಭವವಿದ್ದರೆ ಮನೆಯವರು | ಗೋಡೆಯೊಳಗಿನ ತಿರುಪು ಒಡೆಯುವ ಸಾಧ್ಯತೆ |
| ಗೋಡೆಯೊಳಗಿನ ಕೊಳವೆ, ಹೊಸ ಮಾರ್ಗ | ಪ್ಲಂಬರ್ | ಸೋರಿಕೆ ಕಾಣುವುದಿಲ್ಲ |
| ಗೀಸರ್, ಸಂಪಿನ ಮೋಟಾರ್ | ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ | ವಿದ್ಯುತ್ ಆಘಾತ, ಒತ್ತಡ |
| ಮೀಟರ್, ಬೀದಿ ಸಂಪರ್ಕ | ಜಲಮಂಡಳಿ ಅಥವಾ ಸ್ಥಳೀಯ ಸಂಸ್ಥೆ | ಸಾರ್ವಜನಿಕ ನೀರಿನ ಶುದ್ಧತೆ |
| ಸೆಪ್ಟಿಕ್ ಟ್ಯಾಂಕ್ ಬರಿದುಮಾಡುವುದು | ಹೀರುವ ಯಂತ್ರದ ವಾಹನ | ಮಾರಕ ಅನಿಲ, ಕಾನೂನಿನ ನಿಷೇಧ |

## ತುರ್ತು ಸಂದರ್ಭ

ಕೊಳವೆ ಒಡೆದಾಗ ಮೊದಲು ಟ್ಯಾಂಕಿನ ವಾಲ್ವ್ ಮುಚ್ಚುವುದು, ಮೋಟಾರ್ ನಿಲ್ಲಿಸುವುದು, ನೀರು ತಲುಪಿರುವ ಭಾಗದ ವಿದ್ಯುತ್ತನ್ನು ಮುಖ್ಯ ಫಲಕದಲ್ಲಿ ಕಡಿಯುವುದು ಅಗತ್ಯ. ಫಲಕದವರೆಗೂ ನೀರು ಹರಿದಿದ್ದರೆ ಅದನ್ನು ಮುಟ್ಟದೆ ವಿದ್ಯುತ್ ಕಂಪನಿಗೆ ತಿಳಿಸಬೇಕು. ಎಂ-ಸೀಲ್‌ನಂಥ ಎಪಾಕ್ಸಿ ಲೇಪ ಅಥವಾ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿಯುವುದು ತಾತ್ಕಾಲಿಕ ಉಪಾಯ ಮಾತ್ರ. ಮನೆಯ ಪ್ರತಿಯೊಬ್ಬರಿಗೂ ವಾಲ್ವ್ ಎಲ್ಲಿದೆ ಎಂಬುದು ತಿಳಿದಿದ್ದರೆ ಪ್ಲಂಬರ್ ಬರುವವರೆಗಿನ ಹಾನಿಯನ್ನು ತಡೆಯಬಹುದು.

## ವೃತ್ತಿ ಮತ್ತು ಪ್ಲಂಬರ್ ಆಯ್ಕೆ

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಪ್ಲಂಬರ್ ವೃತ್ತಿಗೆ ಒಂದು ವರ್ಷದ ತರಬೇತಿಯಿದೆ. ಆದರೂ ಈ ಕ್ಷೇತ್ರದಲ್ಲಿ ಅನೇಕರು ಹಿರಿಯ ಕೆಲಸಗಾರರ ಜೊತೆ ದುಡಿಯುತ್ತಲೇ ಕಲಿತವರು. ಭಾರತದ ಹಲವು ನಗರಗಳಲ್ಲಿ ಈ ಕೆಲಸ ಮಾಡುವವರಲ್ಲಿ ಒಡಿಶಾದ ಕೇಂದ್ರಪಾಡಾ ಜಿಲ್ಲೆಯವರು ದೊಡ್ಡ ಸಂಖ್ಯೆಯಲ್ಲಿದ್ದು, ಆ ಜಿಲ್ಲೆಯ ಪಟ್ಟಾಮುಂಡೈಯಲ್ಲಿ ಪ್ಲಂಬಿಂಗ್ ಕಲಿಸುವ ಸರ್ಕಾರಿ ಸಂಸ್ಥೆಯಿದೆ. ಕಟ್ಟಡಗಳ ನೀರು ಹಾಗೂ ಚರಂಡಿ ವ್ಯವಸ್ಥೆಯ ನಿಯಮಗಳು ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 9ನೆಯ ಭಾಗದಲ್ಲಿವೆ.

ಪ್ಲಂಬರ್‌ನನ್ನು ನೇಮಿಸುವಾಗ ಕೂಲಿಯನ್ನೂ ಸಾಮಗ್ರಿಯ ವೆಚ್ಚವನ್ನೂ ಪ್ರತ್ಯೇಕವಾಗಿ ಕೇಳಿ ತಿಳಿಯುವುದು, ಸಾಮಗ್ರಿಯ ಮೇಲೆ ಐ.ಎಸ್.ಐ. ಗುರುತನ್ನು ನೋಡುವುದು, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು ಉಪಯುಕ್ತ. ಗೋಡೆಯನ್ನು ಮತ್ತೆ ಮುಚ್ಚುವ ಮೊದಲು ನೀರು ಬಿಟ್ಟು ಪರೀಕ್ಷಿಸಬೇಕು. ಆಗಲೇ ಕೊಳವೆ ಹಾದುಹೋಗುವ ಜಾಗದ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಮುಂದಿನ ದುರಸ್ತಿಗೆ ನೆರವಾಗುತ್ತದೆ. ಹಣ ಪಾವತಿಸಿ ಪಡೆದ ಸೇವೆಯಲ್ಲಿನ ನ್ಯೂನತೆಗೆ 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಡಿ ಪರಿಹಾರ ಕೇಳಲು ಅವಕಾಶವಿದ್ದು, ರಸೀದಿ ಇದಕ್ಕೆ ಆಧಾರವಾಗುತ್ತದೆ.

ವೆಚ್ಚದ ದೃಷ್ಟಿಯಿಂದ ಸ್ವಂತ ದುರಸ್ತಿಯಲ್ಲಿ ಉಳಿಯುವುದು ಮುಖ್ಯವಾಗಿ ಕೂಲಿ. ಒಮ್ಮೆ ಮಾತ್ರ ಬಳಸುವ ಉಪಕರಣ ಕೊಳ್ಳಬೇಕಾದಲ್ಲಿ ಆ ಉಳಿತಾಯವೂ ಇಲ್ಲವಾಗುತ್ತದೆ. ಸ್ಪ್ಯಾನರ್, ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪ್, ಪ್ಲಂಜರ್ ಮತ್ತು ಕೆಲವು ವಾಷರ್‌ಗಳು ಇದ್ದರೆ ಮನೆಯ ಸಣ್ಣಪುಟ್ಟ ದುರಸ್ತಿಗಳಿಗೆ ಸಾಕಾಗುತ್ತದೆ.

## ಇವನ್ನೂ ನೋಡಿ

* ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ
* ಮಳೆನೀರು ಕೊಯ್ಲು
* ಗಡಸು ನೀರು
* ಸೌರ ಜಲತಾಪಕ